ಮಾತಿನ ಪಕ್ಕದ ಗಡ್ಡೆ

ಮನೆಯಿಂದ
ಮಾರ್ಚ್ ಹದಿನಾಲ್ಕು, ಭಾನುವಾರ

ಪ್ರೀತಿಯ ಗುಬ್ಬಿ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ, ನಿನ್ನ ಹಡಗೂ, ಅದರ ಹೊಟ್ಟೆಯಲ್ಲಿ ನೀನು ಎಣ್ಣೆ ಕುಡಿಸಿ ಸಾಕುತ್ತಿರುವ ಎಂಜಿನ್ನೂ ಚೆನ್ನಾಗಿರಬೇಕು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ನನ್ನನ್ನು ಬೈಯಬೇಡ, ನಿಮ್ಮಪ್ಪನನ್ನು ಬೈಯಿ. “ಸ್ಕ್ಯಾನ್ ಆಗ್ಲಿ, ಆಮೇಲೆ ಬರಿ. ಅರ್ಧಂಬರ್ಧ ಸುದ್ದಿ ಕಳಿಸಿದ್ರೆ ಅವಳು ಸಮುದ್ರಕ್ಕೆ ಹಾರಿ ಈಜಿಕೊಂಡು ಬಂದುಬಿಡ್ತಾಳೆ” ಎಂದು ಹಟ ಹಿಡಿದು ಕೂತಿದ್ದರು. ಸ್ಕ್ಯಾನ್ ಗುರುವಾರ ಆಯಿತು. ಸುದ್ದಿ ಒಳ್ಳೆಯದೇ. ಅದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಇನ್ನು ನೀನು ಹಾಳೆ ಹಾರಿಸಿ ಕೊನೆಗೆ ನೆಗೆಯಬೇಕಾಗಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀಯ. ಫೋನಿನಲ್ಲಿ ನಾನು ಒಂದು ಪದಕ್ಕೆ ತಡವರಿಸಿದರೆ ಆ ಕಡೆ ನೀನು ಉಸಿರು ಬಿಗಿಹಿಡಿಯುವುದು ನನಗೆ ಕೇಳಿಸುತ್ತದೆ. ಕಾಗದದಲ್ಲಾದರೆ ಪದ ಬರುವವರೆಗೂ ನಾನು ಕಿಟಕಿಯಾಚೆ ನೋಡುತ್ತಾ ಚಹಾ ಕುಡಿಯಬಹುದು, ನಿನಗೆ ಗೊತ್ತೂ ಆಗುವುದಿಲ್ಲ.

ನಿನ್ನ ಕಾಗದದ ತುಂಬ ಪ್ರಶ್ನೆಗಳೇ. ನಿಮ್ಮ ಕ್ಯಾಪ್ಟನ್ನನ ಅತ್ತೆಗೆ ತಲೆಯಲ್ಲಿ ಇಂಥದ್ದೇ ಆಗಿತ್ತಂತೆ, ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬಂದರಂತೆ, ಒಂದೇ ಸಲಕ್ಕೆ ಎಲ್ಲ ಮುಗಿಯಿತಂತೆ. ಅಮ್ಮನನ್ನು ಮಾತ್ರ ಐದು ಸಲ ಯಾಕೆ ಎಳೆದಾಡಿಸಿದರು, ಅಲ್ಲಿನ ಡಾಕ್ಟರಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ಕೇಳಿದ್ದೀಯ. ಕ್ಯಾಪ್ಟನ್ನನ ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಅವರ ಗಡ್ಡೆ ಎಷ್ಟು ದೊಡ್ಡದಿತ್ತು ಎಂದೂ ಕೇಳು. ಇಡೀ ಕಥೆ ಅಲ್ಲೇ ಇದೆ.

ಮೊದಲಿನಿಂದ ಹೇಳುತ್ತೇನೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದು ನಾಲ್ಕೇ ಮಾತು ಎಂದು ನನಗೆ ಗೊತ್ತು. ಆ ದಿನ ನಾನು ಹೊಸದಾಗಿ ಡ್ರೈವಿಂಗ್ ಕಲಿಯಲು ಬಂದವಳ ಪಕ್ಕ ಕೂತಿದ್ದೆ. ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸು, ಸ್ಟೇರಿಂಗನ್ನು ಹಿಟ್ಟು ನಾದುವ ಹಾಗೆ ಹಿಡಿಯುತ್ತಾಳೆ. ಅಂಚೆ ಕಚೇರಿಯ ತಿರುವಿನಲ್ಲಿ ಹಾಲಿನ ವ್ಯಾನು ಅಡ್ಡ ಬಂತು. ನಾನು ಬಾಯಿ ತೆರೆದೆ, ಪದ ಬರಲಿಲ್ಲ. ದಿನಕ್ಕೆ ನೂರು ಸಲ ಹೇಳುವ ಪದ, ಬ್ರೇಕ್ ಎನ್ನುವ ಪದ, ಬಾಯಲ್ಲಿ ಇರಲೇ ಇಲ್ಲ. ಬಾಯಿ ಕೈಕೊಟ್ಟರೂ ಕಾಲು ಕೈಕೊಡಲಿಲ್ಲ. ನನ್ನ ಕಡೆಯ ಬ್ರೇಕನ್ನು ನೆಲಕ್ಕೆ ಒತ್ತಿದ್ದೆ. ವ್ಯಾನಿಗೂ ನಮಗೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗ ಉಳಿಯಿತು. ಬೇಕರಿಯವಳು ನನ್ನ ಕಡೆ ತಿರುಗಿ, “ಮೇಡಂ, ನೀವು ಯಾಕೆ ಹೇಳ್ಲಿಲ್ಲ?” ಎಂದಳು. ಅದಕ್ಕೆ ಹೇಳಬೇಕಾದ ಪದಗಳೂ ಬಾಯಿಗೆ ಬರಲಿಲ್ಲ. ಆಗಲೇ ನನಗೆ ಭಯವಾಯಿತು.

ಆಮೇಲೆ ಸ್ಕ್ಯಾನು, ಬಿಳಿ ಕೋಣೆಗಳು, ತಣ್ಣನೆಯ ಮೇಜುಗಳು. ಎದೆಯ ಕ್ಯಾನ್ಸರು ಎಂದೋ ಮುಗಿಯಿತು ಎಂದುಕೊಂಡಿದ್ದೆವಲ್ಲ, ಅದರ ಒಂದು ಚೂರು ಹೇಳದೆ ಕೇಳದೆ ತಲೆಗೆ ಬಂದು ಬಾಡಿಗೆಗೆ ಕೂತಿತ್ತು. ಬೇರೆಲ್ಲೂ ಇಲ್ಲ, ಅಲ್ಲೊಂದೇ. ಸಣ್ಣ ನಿಂಬೆಹಣ್ಣಿನ ಗಾತ್ರ, ಸುತ್ತ ಊತ. ಕೂತದ್ದಾದರೂ ಎಲ್ಲಿ, ಎಡಗಡೆ, ಮಾತಿನ ಪಕ್ಕ. ಇಷ್ಟು ದೊಡ್ಡ ತಲೆಯಲ್ಲಿ ಅದಕ್ಕೆ ಸಿಕ್ಕಿದ್ದು ಅದೇ ಮೂಲೆ. ನಾನು ಮಾತಿನಿಂದ ಬದುಕುವವಳು ಎಂದು ಯಾರೋ ಹೇಳಿ ಕಳಿಸಿದ ಹಾಗಿತ್ತು.

ನಿಮ್ಮಪ್ಪನದು ಒಂದೇ ಮಾತು, “ಕಿತ್ತು ಬಿಸಾಕ್ಲಿ.” ಗೋಡೆಗೆ ಬಣ್ಣ ಹೊಡೆಯುವವರಿಗೆ ಹಳೆಯದನ್ನು ಕೆರೆದು ತೆಗೆಯುವುದೇ ಮೊದಲ ಕೆಲಸ. ಆದರೆ ತಲೆಯ ಸರ್ಜನ್ ಚಿತ್ರವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. “ದೊಡ್ಡ ಗಡ್ಡೆ ಅಂದ್ರೆ ಸಾಮಾನ್ಯವಾಗಿ ನಾನೇ ಮೊದಲು ಕೈ ಹಾಕ್ತೀನಿ. ಇಲ್ಲಿ ಹಾಕಿದ್ರೆ ಗಡ್ಡೆ ಜೊತೆ ಇವರ ಮಾತೂ ಸ್ವಲ್ಪ ಕಿತ್ತು ಬರಬಹುದು. ಊತಕ್ಕೆ ಮಾತ್ರೆ ಕೆಲಸ ಮಾಡ್ತಿದೆ, ಹಾಗಾಗಿ ಮೊದಲು ಕಿರಣದವರನ್ನು ನೋಡಿ” ಎಂದರು. ಕತ್ತಿ ಹಿಡಿದವರೇ ಬೇಡ ಎಂದ ಮೇಲೆ ನಾವೇನು ಹೇಳುವುದು.

ಕಿರಣದ ಡಾಕ್ಟರು ಹೆಂಗಸು. ನನ್ನದೇ ವಯಸ್ಸು, ನನ್ನ ಹಾಗೇ ಮುಂಗೋಪಿ. ನಾವು ಮೊದಲ ದಿನವೇ ಜಗಳವಾಡಿದೆವು. ತಲೆಗೆಲ್ಲ ಬೆಳಕು ಚೆಲ್ಲುವ ಬದಲು ಗಡ್ಡೆಯೊಂದಕ್ಕೇ ಗುರಿಯಿಟ್ಟು ಬಿಡುವ ಕಿರಣ, ಅದನ್ನು ಒಂದೇ ಸಲವೂ ಕೊಡಬಹುದು, ಭಾಗ ಮಾಡಿಯೂ ಕೊಡಬಹುದು ಎಂದು ಅವರು ಹೇಳಿ ಮುಗಿಸುವ ಮೊದಲೇ ನಾನು, “ಒಂದೇ ಸಲ ಕೊಡಿ” ಎಂದೆ. ನನಗೆ ಕಾಯುವುದು ಬರುವುದಿಲ್ಲ, ನಿನಗೇ ಗೊತ್ತು. ಹಲ್ಲು ಕೀಳಿಸುವುದಾದರೂ ಒಂದೇ ಎಳೆತಕ್ಕೆ ಹೋಗಬೇಕು.

“ಒಂದೇ ಸಲಾನೇ ಯಾಕೆ?” ಎಂದರು.

“ಮುಗೀತದಲ್ಲ.”

“ಏನು ಮುಗೀತದೆ? ಗಡ್ಡೆನೋ, ನಿಮ್ಮ ಅವಸರಾನೋ?”

ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತು ಹೇಳಿದರು. ಗಡ್ಡೆ ಚಿಕ್ಕದಾದರೆ ಒಂದೇ ಸಲದ ದೊಡ್ಡ ಏಟು ಒಳ್ಳೆಯದೇ, ಅವರೇ ಎಷ್ಟೋ ಜನರಿಗೆ ಕೊಟ್ಟಿದ್ದಾರೆ. ದೊಡ್ಡದಾದರೆ ಪೇಚು ಶುರು. ಅದನ್ನು ಕೊಲ್ಲುವಷ್ಟು ಪೂರ್ತಿ ಏಟನ್ನು ಒಂದೇ ಸಲ ಕೊಟ್ಟರೆ ಸುತ್ತಲಿನ ಒಳ್ಳೆಯ ಮಿದುಳಿಗೂ ಬಿಸಿ ಜಾಸ್ತಿ ತಾಗುತ್ತದೆ; ಆಮೇಲೆ ಊದಿಕೊಳ್ಳಬಹುದು, ಆ ಜಾಗ ಸತ್ತೇ ಹೋಗಬಹುದು. ಅದಕ್ಕೆ ಹೆದರಿ ಏಟು ಕಡಿಮೆ ಮಾಡಿದರೆ ಗಡ್ಡೆ ಅರೆಜೀವದಲ್ಲಿ ಉಳಿದು ಮತ್ತೆ ತಲೆಯೆತ್ತಬಹುದು. ಐದು ಭಾಗ ಮಾಡಿ ಕೊಟ್ಟರೆ ಒಟ್ಟು ಏಟು ದೊಡ್ಡದೇ ಆಗುತ್ತದೆ, ಆದರೆ ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಒಳ್ಳೆಯ ಭಾಗ ಸುಧಾರಿಸಿಕೊಳ್ಳುತ್ತದೆ. ಗಡ್ಡೆಗೆ ಅಷ್ಟು ಬೇಗ ಸುಧಾರಿಸಿಕೊಳ್ಳುವ ಚಾಲಾಕಿತನ ಇಲ್ಲವಂತೆ.

ನಿಮ್ಮಪ್ಪನ ಮುಖ ಅರಳಿತು. “ಅಂದ್ರೆ ಬಣ್ಣದ ಹಾಗೆ. ಒಂದೇ ಸಲ ದಪ್ಪಗೆ ಹೊಡೆದ್ರೆ ಸಿಪ್ಪೆ ಏಳುತ್ತೆ, ತೆಳ್ಳಗೆ ಐದು ಕೋಟು ಹೊಡೀಬೇಕು.”

“ಇಲ್ಲ ಸರ್,” ಎಂದರು ಡಾಕ್ಟರು, “ಬಣ್ಣ ಗೋಡೆ ಮೇಲೆ ನಿಲ್ಲುತ್ತೆ. ಇದು ಗೋಡೆ ಒಳಗೆ ಹೋಗಿ ಬರುತ್ತೆ. ಹಾಗೆ ಅಂದುಕೊಂಡ್ರೆ ನಿಮಗೆ ನೆಮ್ಮದಿ ಅಂದ್ರೆ ಅಂದುಕೊಳ್ಳಿ.” ಅಂದುಕೊಂಡಿದ್ದಾರೆ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಈಗಲೂ ಐದು ಕೋಟಿನ ಕಥೆಯನ್ನೇ ಹೇಳುತ್ತಾರೆ.

ನಾನು ಸೋಲುವವಳಲ್ಲ. ಇನ್ನೊಂದು ಆಸ್ಪತ್ರೆಗೂ ಹೋಗಿ ಕೇಳಿದೆ. ಅಲ್ಲಿಯ ಡಾಕ್ಟರು ಮೂರನೆಯ ದಾರಿ ತೋರಿಸಿದರು. ಇವತ್ತು ಅರ್ಧ, ತಿಂಗಳು ಬಿಟ್ಟು ಗಡ್ಡೆ ಕುಗ್ಗಿದ ಮೇಲೆ ಉಳಿದರ್ಧ. ಅದೂ ಒಪ್ಪುವ ಮಾತೇ. ಒಂದು ಊರಿಗೆ ಮೂರು ದಾರಿ, ಮೂವರೂ ಒಳ್ಳೆಯ ಡ್ರೈವರುಗಳು, ನಾನು ಮಾತ್ರ ಕವಲಿನಲ್ಲಿ ಇಂಡಿಕೇಟರ್ ಹಾಕಿಕೊಂಡು ನಿಂತವಳು. ವಾಪಸ್ ಬಂದು ನಮ್ಮ ಮುಂಗೋಪಿಯನ್ನು ನೇರವಾಗಿ ಕೇಳಿದೆ, “ಯಾವುದು ಗೆದ್ದಿದೆ ಹೇಳಿ, ಅದನ್ನೇ ಮಾಡಿ.”

ಅವರು ಸುಳ್ಳು ಹೇಳಲಿಲ್ಲ, ಅದಕ್ಕೇ ಅವರ ಮೇಲೆ ನನಗೆ ಗೌರವ. “ಹಿಂದೆ ಚಿಕಿತ್ಸೆ ಆದವರನ್ನೆಲ್ಲ ಹಿಂತಿರುಗಿ ನೋಡಿದ್ರೆ, ದೊಡ್ಡ ಗಡ್ಡೆಗೆ ಭಾಗ ಮಾಡಿ ಕೊಟ್ಟಿದ್ದು ಕಡಿಮೆ ಏನಲ್ಲ. ಹಿಡಿತ ಅಷ್ಟೇ ಇದೆ, ಕೆಲವು ಕಡೆ ಜಾಸ್ತೀನೂ ಇದೆ, ಹಾನಿ ಕಡಿಮೆ ಅಂತ ಕಾಣುತ್ತೆ. ಆದ್ರೆ ಎರಡನ್ನೂ ಅಕ್ಕಪಕ್ಕ ಓಡಿಸಿ ನೋಡೋ ಪಂದ್ಯ ಇನ್ನೂ ನಡೀತಿದೆ. ನಿಮಗೆ ಖಾತ್ರಿ ಬರೆದುಕೊಡೋಕೆ ನನ್ನಿಂದ ಆಗಲ್ಲ” ಎಂದರು. ಆಮೇಲೆ ಮೇಜಿನ ಖಾನೆಯಿಂದ ಚಿತ್ರದ ಕಾರ್ಡುಗಳನ್ನು ತೆಗೆದು ನನ್ನ ಮುಂದೆ ಹರಡಿದರು. ಚಿಕ್ಕ ಮಕ್ಕಳಿಗೆ ತೋರಿಸುವಂಥವು. ಒಂದೊಂದನ್ನೂ ನೋಡಿ ಅದು ಏನು ಎಂದು ಹೇಳಬೇಕು.

ಕುರ್ಚಿ, ಬೀಗದ ಕೈ, ಮೀನು, ಇವೆಲ್ಲ ಸಲೀಸು. ಆಮೇಲೊಂದು ಚಿತ್ರ ಬಂತು. ಮಳೆ ಬಂದರೆ ಬಿಡಿಸಿ ತಲೆಯ ಮೇಲೆ ಹಿಡಿದುಕೊಳ್ಳುತ್ತೇವೆ, ಗಾಳಿ ಬಂದರೆ ಮಗುಚಿಕೊಳ್ಳುತ್ತದೆ, ಬಸ್ಸಿನಲ್ಲಿ ಬಿಟ್ಟು ಬರುತ್ತೇವೆ. ಎಲ್ಲ ಗೊತ್ತು. ಅದಕ್ಕೆ ಏನೆನ್ನುತ್ತಾರೆ ಎಂದು ಗೊತ್ತಿಲ್ಲ. ನಾಲಗೆಯ ತುದಿಗೂ ಬರಲಿಲ್ಲ. ಆಗ ಹಿಂದಿನಿಂದ ನಿಮ್ಮಪ್ಪ ಮೆಲ್ಲಗೆ, “ಛತ್ರಿ ಕಣೇ” ಎಂದರು.

ನಾನು ಎಷ್ಟೋ ವರ್ಷ ಲೈಸೆನ್ಸ್ ಪರೀಕ್ಷೆಗೆ ಜನರನ್ನು ತಯಾರು ಮಾಡಿದವಳು. ಕಾಪಿ ಹೊಡೆಸಿದವರನ್ನು ಬಿಡುತ್ತೇನೆಯೇ. “ರೀ, ಸುಮ್ನಿರಿ” ಎಂದು ಗದರಿದೆ. ಮುಂದಿನ ಚಿತ್ರ ಬಾಚಣಿಗೆ, ಅದೂ ಬರಲಿಲ್ಲ. ಸಹಾಯ ಬರಬಹುದೇ ಎಂದು ತಿರುಗಿ ನೋಡಿದರೆ ಅವರು ಗೋಡೆಯ ಕಡೆ ಮುಖ ಮಾಡಿಕೊಂಡು, ಬಣ್ಣ ಸರಿಯಾಗಿ ಹೊಡೆದಿದ್ದಾರೋ ಇಲ್ಲವೋ ಎಂದು ನೋಡುವವರ ಹಾಗೆ ನಿಂತಿದ್ದರು. ಹೆಗಲು ಅಲುಗುತ್ತಿತ್ತು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ, ಗುಬ್ಬಿ.

ಡಾಕ್ಟರಿಗೆ ಹೇಳಿದೆ, “ಉಳಿದ ಪದಗಳು ಯಾವುದರಲ್ಲಿ ಉಳೀತವೋ ಅದನ್ನೇ ಮಾಡಿ.” ಅವರು, “ಹಾಗಾದ್ರೆ ಐದು” ಎಂದರು. ಅವಸರ ಅಲ್ಲಿಗೆ ಮುಗಿಯಿತು. ಈಗ ಕ್ಯಾಪ್ಟನ್ನನಿಗೆ ಹೋಗಿ ಹೇಳು.

ಮಂಗಳವಾರ

ಭಾನುವಾರ ಅಲ್ಲಿಗೇ ನಿಲ್ಲಿಸಿದೆ. ಅತ್ತೆನೆಂದಲ್ಲ, ಹಸಿವಾಯಿತು. ಊತ ಇಳಿಸುವ ಮಾತ್ರೆ ಹೊಟ್ಟೆಗೆ ಬೆಂಕಿ ಹಚ್ಚುತ್ತದೆ. ಒಂದು ಪೂರ್ತಿ ಬ್ರೆಡ್ಡು, ನಾಲ್ಕು ಮೊಟ್ಟೆ ಕೂತಲ್ಲೇ ಖಾಲಿ ಮಾಡಿದೆ. ಮುಖ ಕುಂಬಳಕಾಯಿಯಾಗಿದೆ, ಸುಕ್ಕೆಲ್ಲ ಮಾಯ. ಅಂಗಡಿಯಾಕೆ, “ಏನು ಹಚ್ಚಿಕೊಳ್ತೀರಿ ಮೇಡಂ?” ಎಂದು ಕೇಳಿದಳು.

ಚಿಕಿತ್ಸೆಯ ಕಥೆ ಹೇಳದಿದ್ದರೆ ನಿನಗೆ ನಿದ್ದೆ ಬರುವುದಿಲ್ಲ. ಬಿಸಿನೀರಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಜಾಲರಿಯನ್ನು ಮುಖಕ್ಕೆ ಒತ್ತುತ್ತಾರೆ, ತಣಿದ ಮೇಲೆ ಅದು ನನ್ನದೇ ಮುಖದ ಮುಖವಾಡ. ಮೂಗು ಮಾತ್ರ ನನಗಿಂತ ಚೆನ್ನಾಗಿ ಬಂದಿತ್ತು. ಅದನ್ನು ಹಾಕಿ ತಲೆಯನ್ನು ಮೇಜಿಗೆ ಬಿಗಿಯುತ್ತಾರೆ, ಕೂದಲೆಳೆಯಷ್ಟೂ ಅಲುಗಬಾರದು. ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಮುಚ್ಚುತ್ತಾರೆ. ದೊಡ್ಡದೊಂದು ತೋಳು ಗುಂಯ್ ಎನ್ನುತ್ತಾ ತಲೆಯ ಸುತ್ತ ತಿರುಗುತ್ತದೆ. ನೋವು ಇಲ್ಲವೇ ಇಲ್ಲ.

ಮೊದಲ ದಿನ ತೋಳು ತಿರುಗಲು ಶುರುವಾಯಿತು, ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ತಲೆ ಸ್ವಲ್ಪ ಜರುಗಿದರೂ ಮೆಷಿನ್ನು ತಾನಾಗಿ ನಿಲ್ಲುತ್ತದಂತೆ. ಮೂರನೆಯ ಸಲಕ್ಕೆ ಕಿರಣದ ಲೆಕ್ಕ ಹಾಕುವ ಮೇಷ್ಟ್ರು, ನಾನು ಹಾಗೇ ಕರೆಯುವುದು, ಒಳಗೆ ಬಂದು ತಲೆ ಕೆರೆದುಕೊಳ್ಳುತ್ತಾ ನಿಂತರು. “ತಲೆ ಬಿಗಿಯಾಗೇ ಇದೆ. ನೀವು ಕೆಳಗಡೆ ಏನಾದ್ರೂ ಮಾಡ್ತಿದೀರಾ?”

ಮುಖವಾಡದೊಳಗಿಂದಲೇ ಹೇಳಿದೆ, “ಬ್ರೇಕ್ ಹಾಕ್ತಿದೀನಿ.”

ನಿಜವಾಗಿ, ಅವರು ಕೇಳುವವರೆಗೆ ನನಗೇ ಗೊತ್ತಿರಲಿಲ್ಲ. ಆ ತೋಳು ಎಡಗಡೆಯಿಂದ ಮುಖದ ಹತ್ತಿರ ಬಂದಾಗಲೆಲ್ಲ ನನ್ನ ಬಲಗಾಲು ತಾನಾಗಿ ಒತ್ತುತ್ತಿತ್ತು. ಕಾಲು ಒತ್ತಿದರೆ ಸೊಂಟ ಜರುಗುತ್ತದೆ, ಸೊಂಟ ಜರುಗಿದರೆ ತಲೆ. ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಊರಿನವರ ಜೀವ ಉಳಿಸಿದ ಕಾಲು, ನನ್ನ ಜೀವ ಉಳಿಸುವ ಹೊತ್ತಿಗೆ ಅಡ್ಡಗಾಲಾಯಿತು. ಹೊರಗೆ ಕ್ಯಾಮೆರಾದ ಪರದೆಯ ಮುಂದೆ ನಮ್ಮ ಮುಂಗೋಪಿ ಡಾಕ್ಟರು ಹೊಟ್ಟೆ ಹಿಡಿದು ನಗುತ್ತಿದ್ದರಂತೆ, ಆಮೇಲೆ ನರ್ಸು ಹೇಳಿದಳು. ಮೇಷ್ಟ್ರು ನನ್ನ ಮೊಣಕಾಲಿನ ಕೆಳಗೆ ದಪ್ಪ ದಿಂಬು ಇಟ್ಟು ಪಾದ ಗಾಳಿಯಲ್ಲಿ ತೇಲುವ ಹಾಗೆ ಮಾಡಿದರು. ಒತ್ತಲು ಏನೂ ಸಿಗದೆ ಕಾಲು ಸ್ವಲ್ಪ ಹೊತ್ತು ಹುಡುಕಾಡಿ ಸುಮ್ಮನಾಯಿತು. “ಇವತ್ತು ನಾನು ಓಡಿಸ್ತೀನಿ, ನೀವು ಹಿಂದಿನ ಸೀಟು” ಎಂದರು. ಹಿಂದಿನ ಸೀಟು ಅಷ್ಟು ಕೆಟ್ಟದ್ದೇನಲ್ಲ, ಕೊನೆಯ ಎರಡು ಸಲ ನಿದ್ದೆಯನ್ನೇ ಮಾಡಿದೆ.

ದಿನ ಬಿಟ್ಟು ದಿನ ಹೋಗುತ್ತಿದ್ದುದರಿಂದ ಕಾಯುವ ಬೆಂಚಿನಲ್ಲಿ ಸ್ನೇಹವೂ ಬೆಳೆಯಿತು. ಒಬ್ಬ ಟೈಲರ್ ಇದ್ದ. ಅವನ ತಲೆಯಲ್ಲಿ ಮೂರು ಗಡ್ಡೆ, ಆದರೆ ಒಂದೊಂದೂ ಕಡಲೆಕಾಳಷ್ಟು. ಮೂರಕ್ಕೂ ಒಂದೇ ದಿನ ಏಟು ಹೊಡೆದು ಮುಗಿಸಿದ್ದರು, ಆವತ್ತು ಬರೀ ತೋರಿಸಲು ಬಂದಿದ್ದ. ನನಗೆ ಹೊಟ್ಟೆ ಉರಿಯಿತು, ಹಾಗೆಯೇ ಹೇಳಿದೆ. “ಮೇಡಂ, ನಿಮ್ಮನ್ನು ನೋಡಿ ನನಗೆ ಹೊಟ್ಟೆ ಉರೀತಿದೆ. ನಿಮಗಿರೋದು ಒಂದೇ” ಎಂದ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುವುದು ಆಸ್ಪತ್ರೆಯ ಬೆಂಚಿನ ಮೇಲೂ ನಿಜ. ಇಬ್ಬರೂ ನಕ್ಕೆವು. ಅವನಿಗೂ ಈಗ ಚೆನ್ನಾಗಿದೆಯಂತೆ, ಸೂಜಿಗೆ ದಾರ ಪೋಣಿಸಲು ಕಣ್ಣು ಕೂಡುತ್ತದಂತೆ.

ಈಗ ಗುರುವಾರದ ಸುದ್ದಿ. ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ನಿಂಬೆಹಣ್ಣು ಈಗ ದ್ರಾಕ್ಷಿ. ಊತ ಮುಕ್ಕಾಲು ಪಾಲು ಇಳಿದಿದೆ. ಸುತ್ತಲಿನ ಜಾಗ ಕೆಡಲಿಲ್ಲ, ಇಲ್ಲಿಯವರೆಗೆ. ಇಲ್ಲಿಯವರೆಗೆ ಎಂಬುದು ಡಾಕ್ಟರ ಮಾತು. ಇನ್ನೂ ಕೆಲವು ತಿಂಗಳಿಗೊಮ್ಮೆ ನೋಡುತ್ತಲೇ ಇರಬೇಕು, ತಡವಾಗಿ ಊದುವುದೂ ಉಂಟು, ಹೊಸದು ಇನ್ನೆಲ್ಲಾದರೂ ಹುಟ್ಟುವುದೂ ಉಂಟು. ನಾನು ನಿನ್ನ ಕಣ್ಣಿಗೆ ಮಣ್ಣೆರಚುವುದಿಲ್ಲ. ಆದರೂ ಆ ಕಾರ್ಡುಗಳನ್ನು ಮತ್ತೆ ಹರಡಿದಾಗ ಛತ್ರಿ ಎಂದೆ, ಬಾಚಣಿಗೆ ಎಂದೆ, ಏಣಿ, ಇಸ್ತ್ರಿಪೆಟ್ಟಿಗೆ, ಜೇಡ, ಒಂದನ್ನೂ ಬಿಡದೆ ಹೇಳಿದೆ. ಡಾಕ್ಟರು, “ಇನ್ನು ನಿಮ್ಮ ಜೊತೆ ಜಗಳ ಆಡೋದು ನನಗೆ ಕಷ್ಟ” ಎಂದರು. ನಿಮ್ಮಪ್ಪ ಈ ಸಲ ಗೋಡೆ ನೋಡಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದರು.

ಬದುಕಿದ್ದೇನೆ, ಮಾತಾಡುತ್ತಿದ್ದೇನೆ, ಬೈಯುತ್ತಿದ್ದೇನೆ. ಬೈಯಲು ಮನೆಯಲ್ಲೇ ಕಾರಣವೂ ಸಿಕ್ಕಿದೆ. ನನಗೆ ಸದ್ಯಕ್ಕೆ ಕಾರು ಮುಟ್ಟಬಾರದು ಎಂದಿದ್ದಾರೆ, ಕಲಿಸುವುದೂ ಬೇಡವಂತೆ. ಇಷ್ಟು ವರ್ಷ ನಾನು ತಲೆ ಚಚ್ಚಿಕೊಂಡರೂ ಸ್ಟೇರಿಂಗ್ ಮುಟ್ಟದ ನಿಮ್ಮಪ್ಪ ಈಗ ಡ್ರೈವಿಂಗ್ ಕಲಿಯುತ್ತಿದ್ದಾರೆ. ಯಾರ ಹತ್ತಿರ ಎನ್ನುತ್ತೀಯ? ಎದುರು ಬೀದಿಯ ಮೀಸೆಯವರ ಹತ್ತಿರ. ನನ್ನ ಡ್ರೈವಿಂಗ್ ಶಾಲೆಯ ಎದುರೇ ತನ್ನದೂ ಒಂದು ಬೋರ್ಡು ಹಾಕಿ ನನ್ನ ಹೊಟ್ಟೆ ಮೇಲೆ ಹೊಡೆಯಲು ನೋಡಿದ ಮನುಷ್ಯ. “ನಿನ್ನನ್ನು ಆಸ್ಪತ್ರೆಗೆ ಬಸ್ಸಲ್ಲಿ ಎಷ್ಟು ದಿನ ಅಂತ ಕರ್ಕೊಂಡು ಹೋಗ್ಲಿ” ಎನ್ನುತ್ತಾರೆ. ನಿನ್ನೆ ನಾನು ಹಿಂದಿನ ಸೀಟಿನಲ್ಲಿ ಕೂತು ಪಾಠ ನೋಡಿದೆ. ಕ್ಲಚ್ಚು ಬಿಡುವುದು ಬರುವುದಿಲ್ಲ, ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಮೀಸೆಯವರು ಬೆವರು ಒರೆಸಿಕೊಂಡು, “ಮೇಡಂ, ನೀವು ಬೇಗ ಹುಷಾರಾಗಿ, ಇವರನ್ನು ವಾಪಸ್ ತಗೊಳ್ಳಿ” ಎಂದು ಕೈಮುಗಿದರು. ಅಂಥ ಹಾರೈಕೆ ಈ ಕಾಯಿಲೆಯಲ್ಲಿ ನನಗೆ ಬೇರೆ ಯಾರಿಂದಲೂ ಸಿಕ್ಕಿಲ್ಲ.

ನೀನು ಹಡಗು ಬಿಟ್ಟು ಬರಲೇ ಎಂದು ಕೇಳಿದ್ದೀಯ. ಬೇಡ. ನಿನ್ನ ಕರಾರು ಮುಗಿದ ಮೇಲೆ ಬಾ, ನಿಧಾನವಾಗಿ ಬಾ, ಬಂದು ತಿಂಗಳು ಪೂರ್ತಿ ಇರು. ಆ ಹೊತ್ತಿಗೆ ನಿಮ್ಮಪ್ಪ ನಿಲ್ದಾಣಕ್ಕೆ ಕಾರಿನಲ್ಲಿ ಬಂದಾರು. ನೀನು ಧೈರ್ಯ ಇದ್ದರೆ ಹತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಎಂಜಿನ್ ಕೋಣೆಯಲ್ಲಿ ಕಿವಿಗೆ ಅದೇನೋ ಮುಚ್ಚಿಕೊಳ್ಳುತ್ತೀರಲ್ಲ, ಅದನ್ನು ಮರೆಯಬೇಡ. ಎಲ್ಲಿದ್ದರೂ ತಣ್ಣಗಿರು, ಕಂದ. ನನ್ನ ಆಯಸ್ಸಿನಲ್ಲಿ ಹೊಸದಾಗಿ ಸಿಕ್ಕಿದ್ದರಲ್ಲಿ ಒಂದು ಪಾಲು ನಿನಗೂ ಇರಲಿ.

ಇಂತು ನಿನ್ನನ್ನು ನೆನೆಯುತ್ತಲೇ ಇರುವ,
ಅಮ್ಮ

ತಾ.ಕ.: ನಿಮ್ಮಪ್ಪ ಅಂಚೆಚೀಟಿ ತರಲು ಹೋಗಿದ್ದಾರೆ, ಅವರು ಬರುವಷ್ಟರಲ್ಲಿ ಇದನ್ನು ಬರೆದು ಮಡಚಬೇಕು. ಮಾತು ಬಂತು ಎಂದೆನಲ್ಲ, ಅದು ನಿಜ. ವಸ್ತುಗಳೆಲ್ಲ ಬಂದವು, ಜನರ ಹೆಸರುಗಳು ಮಾತ್ರ ಹಿಂದೆ ಉಳಿದವು. ಡಾಕ್ಟರಿಗೆ ಗೊತ್ತು, ಹೆಸರುಗಳು ನಿಧಾನ, ಊತ ಪೂರ್ತಿ ಇಳಿಯಲಿ ಎನ್ನುತ್ತಾರೆ. ಒಂದೊಂದಾಗಿ ಬರುತ್ತಲೂ ಇವೆ. ನಿನ್ನ ಚಿಕ್ಕಮ್ಮನದು ಬಟ್ಟೆ ಒಣಗಿಹಾಕುವಾಗ ಬಂತು, ನಿಮ್ಮಪ್ಪನದು ಹೋದ ವಾರ ಬಂತು. ನಿನ್ನದು ಇನ್ನೂ ಬಂದಿಲ್ಲ. ಗುಬ್ಬಿ, ಗುಬ್ಬಿ ಎಂದು ಹೇಗೋ ತಳ್ಳಿಕೊಂಡು ಬಂದಿದ್ದೇನೆ. ನೀನು ಹುಟ್ಟಿದ ಗಳಿಗೆ ಗೊತ್ತು, ಎಡಗಿವಿಯ ಹಿಂದಿನ ಮಚ್ಚೆ ಗೊತ್ತು. ನಿನಗೆ ಹೆಸರಿಡುವಾಗ ವಾರವಿಡೀ ನಡೆದ ಜಗಳವೂ ಗೊತ್ತು. ನಿಮ್ಮಪ್ಪ ಆರಿಸಿದ್ದ ಹೆಸರು ಈಗಲೂ ನೆನಪಿದೆ, ಹಟ ಹಿಡಿದು ನಾನು ಇಟ್ಟದ್ದು ನೆನಪಿಲ್ಲ. ಅವರನ್ನು ಕೇಳಿದರೆ ಒಂದು ಕ್ಷಣದ ಕೆಲಸ, ಆದರೆ ಕೇಳಿದಾಗ ಅವರ ಮುಖ ಹೇಗಾಗುತ್ತದೋ, ಅದನ್ನು ನೋಡಲು ನನ್ನಿಂದ ಆಗುವುದಿಲ್ಲ. ನನ್ನ ಫೋನಿನಲ್ಲಿ ನಿನ್ನ ನಂಬರು ‘ಮಗಳು’ ಎಂದೇ ಇದೆ. ಲಕೋಟೆಯ ಮೇಲೆ ಅವರೇ ಬರೆಯುತ್ತಾರೆ, ನಾನು ಆ ಕಡೆ ನೋಡುವುದಿಲ್ಲ. ನಿನ್ನ ಕೈಯಿಂದಲೇ ಬರಲಿ ಎಂದು ಆಸೆ. ನೀನು ಯಾವಾಗಲೂ ಕಾಗದದ ಕೊನೆಗೆ ‘ನಿನ್ನ ಮಗಳು’ ಎಂದಷ್ಟೇ ಬರೆಯುತ್ತೀಯ. ಈ ಸಲ ಅದರ ಕೆಳಗೆ ಹೆಸರನ್ನೂ ಬರಿ. ನಾನು ಜೋರಾಗಿ ಓದುತ್ತೇನೆ.